30 ದಿನದ ನೋಟಿಸ್ ಬಂದರೆ ಅಮ್ಮ ಹೊರಡಲೇಬೇಕೇ?

ಪ್ರಶ್ನೆ: ನನ್ನ ತಾಯಿಗೆ 84 ವರ್ಷ. ಕ್ಯಾಲಿಫೋರ್ನಿಯಾದಲ್ಲಿ, ದಿನನಿತ್ಯದ ಆರೈಕೆ ಕೊಡುವ ವೃದ್ಧರ ವಸತಿಯಾದ ಅಸಿಸ್ಟೆಡ್ ಲಿವಿಂಗ್‌ನಲ್ಲಿದ್ದಾರೆ. ಮರೆವು ಹೆಚ್ಚಾಗಿ ರಾತ್ರಿ ಎದ್ದು ಓಡಾಡುತ್ತಾರೆ. 'ಆರೈಕೆಯ ಅಗತ್ಯ ಹೆಚ್ಚಿದೆ, 30 ದಿನದಲ್ಲಿ ಖಾಲಿ ಮಾಡಿ' ಎಂದು ಎರಡೇ ಸಾಲಿನ ಪತ್ರ ಕೊಟ್ಟಿದ್ದಾರೆ. ಏನು ಮಾಡಲಿ?
– ಓದುಗರು, ಫ್ರೀಮಾಂಟ್

ಉತ್ತರ: ಸದ್ಯಕ್ಕೆ ಸಾಮಾನು ಕಟ್ಟಬೇಡಿ. ಆ ಎರಡು ಸಾಲೇ ನಿಮಗೆ ಆಧಾರ. ಅಗತ್ಯ ಬದಲಾಗಿದೆ ಎಂಬ ಕಾರಣಕ್ಕೆ ಕಳಿಸಬೇಕಾದರೆ ಸಂಸ್ಥೆ ಮೊದಲು ನಿಮ್ಮ ತಾಯಿಯ ಮರುಮೌಲ್ಯಮಾಪನ (ಅವರ ಅಗತ್ಯಗಳ ಹೊಸ ಪರಿಶೀಲನೆ) ಮಾಡಿರಬೇಕು. ಯಾವತ್ತು, ಎಲ್ಲಿ, ಏನಾಯಿತು, ನೋಡಿದವರು ಯಾರು ಎಂಬ ವಿವರ ನೋಟಿಸ್‌ನಲ್ಲಿ ಇರಬೇಕು. ಗಡುವು ಮುಗಿದ ಮೇಲೂ ನಿವಾಸಿ ಅಲ್ಲೇ ಉಳಿದರೆ, ಸಂಸ್ಥೆ ಸುಪೀರಿಯರ್ ಕೋರ್ಟಿನಲ್ಲಿ ದಾವೆ ಹೂಡಿ, ನ್ಯಾಯಾಧೀಶರು ಸಹಿ ಮಾಡಿದ ತೀರ್ಪು ತಂದ ಮೇಲಷ್ಟೇ ಹೊರಹಾಕಬಹುದು. ಈ ಮಾತೂ ಆ ನೋಟಿಸ್‌ನಲ್ಲೇ ಅಚ್ಚಾಗಿರಬೇಕು. ನಿಮ್ಮ ಪತ್ರದಲ್ಲಿ ಇದಿಲ್ಲದಿದ್ದರೆ ನೋಟಿಸ್ ದೋಷಪೂರಿತ.

ಮರುಮೌಲ್ಯಮಾಪನದ ಪ್ರತಿಯನ್ನು ಇಮೇಲ್‌ನಲ್ಲಿ ಕೇಳಿ, ಬಾಯಿಮಾತು ಬೇಡ. ಜೊತೆಗೆ, 'ಯಾವ ಸೇವೆ ನಿಮ್ಮಿಂದ ಆಗುತ್ತಿಲ್ಲ?' ಎಂದೂ ಕೇಳಿ. ಸೇರುವಾಗ ಸಹಿ ಹಾಕಿದ ಒಪ್ಪಂದದಲ್ಲಿ ಮರೆವಿನ ರೋಗಿಗಳ ಆರೈಕೆ ಎಂದು ಬರೆದಿದ್ದರೆ, ರಾತ್ರಿ ಓಡಾಟವನ್ನೇ ನೆಪ ಮಾಡುವುದು ಅವರಿಗೆ ಕಷ್ಟ. ಗೋಡೆಗೆ ಅಂಟಿಸಿರುವ, ನಿವಾಸಿಗಳ ದೂರು ಆಲಿಸುವ ಅಧಿಕಾರಿಯಾದ ಒಂಬುಡ್ಸ್‌ಮನ್ ಪೋಸ್ಟರಿನ ನಂಬರಿಗೆ ಕರೆ ಮಾಡಿ. ಅದು ಉಚಿತ. ಇಂಥ ಸಂಸ್ಥೆಗಳಿಗೆ ಪರವಾನಗಿ ಕೊಡುವ ರಾಜ್ಯದ ಕಮ್ಯುನಿಟಿ ಕೇರ್ ಲೈಸೆನ್ಸಿಂಗ್ ವಿಭಾಗಕ್ಕೂ ದೂರು ಕೊಡಿ. ನೀವು ಕೇಳಿದರೆ ನೋಟಿಸ್‌ನ ಕಾರಣವನ್ನು ಅವರು ತನಿಖೆ ಮಾಡಲೇಬೇಕು.

ಬಹಳ ಜನ ಎಡವುವುದು ಇಲ್ಲಿ: ಸಿಟ್ಟಿಗೆದ್ದು ತಿಂಗಳ ಹಣ ನಿಲ್ಲಿಸುತ್ತಾರೆ. ಹಣ ಕಟ್ಟಬೇಕಾದ ದಿನದಿಂದ 10 ದಿನದೊಳಗೆ ಕಟ್ಟದಿದ್ದರೆ ಅದೇ ಹೊರಹಾಕಲು ಹೊಸ ಕಾರಣ, ಅದೂ ಗಟ್ಟಿ ಕಾರಣ. ಆದ್ದರಿಂದ ಹಣ ಕಟ್ಟುತ್ತಲೇ ಇರಿ, ರಸೀದಿ ಇಟ್ಟುಕೊಳ್ಳಿ. ಕೋರ್ಟ್ ಕಾಗದ ಕೈಗೆ ಬಂದರೆ ಉತ್ತರ ಸಲ್ಲಿಸಲು 2025ರಿಂದ 10 ದಿನ ಸಿಗುತ್ತದೆ. ಶನಿವಾರ, ಭಾನುವಾರ, ಕೋರ್ಟ್ ರಜೆ ಲೆಕ್ಕಕ್ಕಿಲ್ಲ. ಅಂದೇ ವಕೀಲರನ್ನು ಹುಡುಕಿ. ಉತ್ತರ ಸಲ್ಲಿಸದೆ ಬಿಟ್ಟರೆ ವಾದವೇ ಇಲ್ಲದೆ ತೀರ್ಪು ಅವರ ಪರ ಆಗಬಹುದು.

ಪ್ರಶ್ನೆ: ಮಾವನವರು ಆಸ್ಪತ್ರೆಯಲ್ಲಿದ್ದಾರೆ. 'ಇನ್ನು ವಾಪಸ್ ಕರೆತರಬೇಡಿ' ಎಂದು ಅಸಿಸ್ಟೆಡ್ ಲಿವಿಂಗ್‌ನವರು ಫೋನ್ ಮಾಡಿದರು. ಹೀಗೆ ಹೇಳಬಹುದೇ?
– ಓದುಗರು, ಸ್ಯಾನ್ ಹೋಸೆ

ಉತ್ತರ: ಫೋನಿನಲ್ಲಿ ಖಂಡಿತ ಇಲ್ಲ. ಲಿಖಿತ ನೋಟಿಸ್ ಬೇಕು. 30 ದಿನದ ಬದಲು 3 ದಿನದ ನೋಟಿಸ್ ಕೊಡಬೇಕಾದರೆ ಲೈಸೆನ್ಸಿಂಗ್ ವಿಭಾಗದ ಲಿಖಿತ ಒಪ್ಪಿಗೆ ಮೊದಲೇ ಇರಬೇಕು. ಆದರೆ ವೈದ್ಯಕೀಯ ಸ್ಥಿತಿ ನೋಡಿಕೊಳ್ಳಿ: 3 ಅಥವಾ 4ನೇ ಹಂತದ ಒತ್ತಡದ ಹುಣ್ಣು (ಮಲಗಿದಲ್ಲೇ ಇದ್ದು ಆಗುವ ಹುಣ್ಣು), ಹೊಟ್ಟೆಗೆ ಹಾಕಿದ ಆಹಾರದ ಕೊಳವೆ ಇದ್ದವರನ್ನು ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವಂತಿಲ್ಲ. ಅಂಥದ್ದೇನೂ ಇಲ್ಲವೆಂದಾದರೆ ವೈದ್ಯರಿಂದ ಹಾಗೆಂದು ಬರೆಸಿಕೊಳ್ಳಿ. ಬಿಡುಗಡೆಯ ನಂತರದ ವ್ಯವಸ್ಥೆ ನೋಡುವ ಆಸ್ಪತ್ರೆಯ ಡಿಸ್ಚಾರ್ಜ್ ಪ್ಲಾನರ್‌ಗೂ ವಿಷಯ ತಿಳಿಸಿ. ಕೋಣೆಯಿಂದ ಅವರ ಬಟ್ಟೆಬರೆ ಮಾತ್ರ ತೆಗೆಯಬೇಡಿ. 'ತಾವೇ ಬಿಟ್ಟುಹೋದರು' ಎನ್ನಲು ಅವರಿಗೆ ಅಷ್ಟು ಸಾಕು.