ನಿಮ್ಮ ನೋಟ್‌ಬುಕ್ಕಿನ ಆ ಒಂದು ಪುಟ

ನಮಸ್ಕಾರ.

ನೀವು ಕಳುಹಿಸಿದ ‘ಮರಳಿ ಬಂದ ಮಾಧುರ್ಯ’ ಲೇಖನವನ್ನು ಎರಡು ಸಲ ಓದಿದೆ. ಮಾವನ ಅಟ್ಟದಲ್ಲಿ ಸಿಕ್ಕಿದ ರೇಡಿಯೋ ಬಿಡಿಭಾಗಗಳಿಂದ ಮಲ್ಪೆಯ ಮನೆಯಲ್ಲಿ ನೀವೇ ಒಂದು ವಾಲ್ವ್ ಆಂಪ್ಲಿಫೈಯರ್, ಅಂದರೆ ಗಾಜಿನ ನಳಿಕೆಗಳಿಂದ ಸದ್ದು ಹಿಗ್ಗಿಸುವ ಯಂತ್ರ, ಕಟ್ಟಿದ್ದು, ಅದು ಕೆಟ್ಟುಹೋದದ್ದು, ನೀವೇ ರಿಪೇರಿ ಮಾಡಿದ್ದು, ಒಂಬತ್ತು ಪುಟಗಳಲ್ಲಿ ಇರುವುದು ಇಷ್ಟು. ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ. ಆದರೆ ಲೇಖನದ ಜೊತೆಗೆ, ಚಿತ್ರಕ್ಕೆ ಆದೀತು ಎಂದುಕೊಂಡೋ ಏನೋ, ನಿಮ್ಮ ನೋಟ್‌ಬುಕ್ಕಿನ ಒಂದು ಪುಟದ ಫೋಟೊ ಇಟ್ಟಿದ್ದೀರಲ್ಲ, ಅದನ್ನು ನಾಲ್ಕು ಸಲ ಓದಿದೆ. ಒಂಬತ್ತು ಪುಟಗಳಲ್ಲಿ ನಾನು ಹುಡುಕಿದ್ದು ಅಲ್ಲಿ ಪೆನ್ಸಿಲಿನಲ್ಲಿತ್ತು.

ಕತ್ತರಿ ಎಲ್ಲಿ ಆಡಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಎರಡು ಪುಟ ಪೂರ್ತಿ ಹೋಗಲಿ. 1904ರಲ್ಲಿ ಫ್ಲೆಮಿಂಗ್ ಡಯೋಡ್ ವಾಲ್ವ್ ಮಾಡಿದ, 1906ರಲ್ಲಿ ಡಿ ಫಾರೆಸ್ಟ್ ಅದಕ್ಕೆ ಕರೆಂಟನ್ನು ಹಿಡಿತದಲ್ಲಿಡುವ ಗ್ರಿಡ್ ಎಂಬ ಜಾಲರಿ ಸೇರಿಸಿದ. ಸರಿಯಾಗಿಯೇ ಬರೆದಿದ್ದೀರಿ, ಆದರೆ ಅದನ್ನು ಹೇಳಲು ನೀವೇ ಬೇಕಾಗಿಲ್ಲ. ಸ್ಪೀಕರಿಗೆ ಶಕ್ತಿ ಕೊಡುವ ನಿಮ್ಮ ಇಎಲ್84 ವಾಲ್ವಿನ ಗಾಜಿನ ಮೇಲೆ ಭಾರತ್ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಮುದ್ರೆ ಅರ್ಧ ಅಳಿಸಿಹೋಗಿತ್ತು ಎಂದು ಐದನೇ ಪುಟದಲ್ಲಿ ಆವರಣದೊಳಗೆ ಬರೆದಿದ್ದೀರಿ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ವಾಲ್ವ್ ಮಲ್ಪೆಯ ಉಪ್ಪುಗಾಳಿಗೆ ಅಷ್ಟು ವರ್ಷ ಅಟ್ಟದ ಮೇಲೆ ಕುಳಿತು, ಇಳಿಸಿ ಕರೆಂಟು ಕೊಟ್ಟೊಡನೆ ಮತ್ತೆ ಕೆಂಪಗೆ ಉರಿಯಿತು ಎಂಬುದು ಆವರಣದೊಳಗೆ ಅಡಗಿಸುವ ಸಂಗತಿಯೇ? ಅಲ್ಲಿಂದಲೇ ಶುರು ಮಾಡಿ.

‘ನಿರ್ವಾತ ನಳಿಕಾ ಧ್ವನಿವರ್ಧಕ’ ಎಂಬ ಮಾತು ಹದಿನಾಲ್ಕು ಕಡೆ ಬಂದಿದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಎಲ್ಲ ಕಡೆ ‘ವಾಲ್ವ್’. ಕೈ ಕೆಲಸ ಮಾಡುವಾಗ ಬಂದ ಪದವನ್ನು ಬರೆಯಲು ಕುಳಿತಾಗ ಬದಲಾಯಿಸಬೇಡಿ. ‘ಬೆಚ್ಚಗಿನ ನಾದ’ವನ್ನೂ ತೆಗೆಯಿರಿ. ವಾಲ್ವ್ ಆಂಪ್ಲಿಫೈಯರ್ ಬಗ್ಗೆ ಬರೆಯುವವರೆಲ್ಲ ಅದನ್ನೇ ಬರೆಯುತ್ತಾರೆ, ಓದಿದವನ ಕಿವಿಗೆ ಏನೂ ಬೀಳುವುದಿಲ್ಲ. ಆಕಾಶವಾಣಿಯಲ್ಲಿ ತಾಳಮದ್ದಳೆ ಹಾಕಿ ಕೇಳಿದೆ ಎಂದಿದ್ದೀರಿ. ಚೆಂಡೆಯ ಪೆಟ್ಟು ಹೇಗೆ ಕೇಳಿಸಿತು? ಮೊನಚಾಗಿಯೋ, ಮೊನಚು ಸವೆದೋ? ಅದನ್ನು ಬರೆದರೆ ಸಾಕು.

ಈಗ ಏಳನೇ ಪುಟಕ್ಕೆ ಬರೋಣ. ಇಡೀ ಲೇಖನ ಕಾದಿದ್ದ ಜಾಗ ಅದು. ಅಲ್ಲಿ ನೀವು ಬರೆದಿರುವುದು: ‘ಸಾಕಷ್ಟು ಪರಿಶ್ರಮದ ನಂತರ ದೋಷ ಪತ್ತೆಯಾಯಿತು. ಹಳೆಯ ಕೆಪಾಸಿಟರ್ ಬದಲಿಸಿದೆ. ಎಲ್ಲವೂ ಸರಿಹೋಯಿತು.’ ಕಳ್ಳ ಸಿಕ್ಕಿದ ಎಂದು ಹೇಳಿ, ಹೇಗೆ ಸಿಕ್ಕಿದ ಎಂಬುದನ್ನು ನುಂಗಿಬಿಟ್ಟಿದ್ದೀರಿ.

ನೋಟ್‌ಬುಕ್ಕಿನಲ್ಲಿ ಹಾಗಿಲ್ಲ. ಇಎಲ್84ರ ಪ್ಲೇಟ್, ಅಂದರೆ ಒಳಗೆ ಎಲೆಕ್ಟ್ರಾನುಗಳು ಬಂದು ಬೀಳುವ ಲೋಹದ ತಗಡು, ಹತ್ತು ನಿಮಿಷದಲ್ಲಿ ಕೆಂಪೇರುತ್ತಿದೆ. ಹೊಸ ವಾಲ್ವ್ ಹಾಕಿದಿರಿ, ಅದೂ ಕೆಂಪೇರಿತು. ಆಗ ಆ ಎಲೆಕ್ಟ್ರಾನುಗಳು ಹೊರಡುವ ಕ್ಯಾಥೋಡಿಗೆ ಮೀಟರ್ ಹಿಡಿದಿರಿ. ‘ಕ್ಯಾಥೋಡ್ 7.5 ಬರಬೇಕು, 10.1 ಬಂತು.’ ಪಕ್ಕದಲ್ಲೇ ಲೆಕ್ಕ: ಕ್ಯಾಥೋಡಿನ ಕೆಳಗೆ 150 ಓಮಿನ ರೆಸಿಸ್ಟರ್, ಅದರ ಮೇಲೆ 10.1 ವೋಲ್ಟ್, ಹಾಗಾದರೆ 67 ಮಿಲಿಆಂಪಿಯರ್. ಅದರಲ್ಲಿ ಸ್ಕ್ರೀನ್ ಗ್ರಿಡ್ ಎಂಬ ಎರಡನೇ ಜಾಲರಿಯ ಪಾಲು ಕಳೆದು, ಪ್ಲೇಟಿನ ವೋಲ್ಟೇಜಿನಿಂದ ಗುಣಿಸಿದರೆ ಪ್ಲೇಟಿನ ಮೇಲೆ ಬೀಳುವುದು ಸುಮಾರು 14 ವ್ಯಾಟ್. ಆ ವಾಲ್ವಿನ ಪ್ಲೇಟ್ ತಡೆಯುವುದು 12 ವ್ಯಾಟ್. ಕೆಂಪೇರದೆ ಏನಾದೀತು? ಇಷ್ಟನ್ನು ನಾಲ್ಕು ಸಾಲಿನಲ್ಲಿ ಲೇಖನದೊಳಗೆ ತಂದರೆ ಓಮನ ನಿಯಮ ಮರೆತುಹೋದ ಓದುಗನೂ ನಿಮ್ಮ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ.

ಮುಂದಿನ ಸಾಲು: ‘ಗ್ರಿಡ್ 0 ಇರಬೇಕು. 4 ಇದೆ!!’ ಎರಡು ಉದ್ಗಾರ ಚಿಹ್ನೆ. ಲೇಖನದಲ್ಲಿ ಮೂವತ್ತು ಉದ್ಗಾರ ಚಿಹ್ನೆಗಳಿವೆ, ನನ್ನನ್ನು ಎದ್ದು ಕೂರಿಸಿದ್ದು ಈ ಎರಡೇ. ಗ್ರಿಡ್ಡಿನ ವೋಲ್ಟೇಜ್ ಏರಿದಷ್ಟೂ ವಾಲ್ವ್ ಹೆಚ್ಚು ಕರೆಂಟು ಎಳೆಯುತ್ತದೆ. ಗ್ರಿಡ್ಡಿಗೆ ಆ 4 ವೋಲ್ಟ್ ಬಂದದ್ದು ಎಲ್ಲಿಂದ? ಒಳಗೆ ಗಾಳಿ ಸೇರಿದ ವಾಲ್ವ್ ತಾನೇ ಹಾಗೆ ಮಾಡಬಹುದು. ಇಲ್ಲವೇ ಅದಕ್ಕೆ ಮೊದಲು ಸದ್ದು ಹಿಗ್ಗಿಸುವ ಇಸಿಸಿ83 ವಾಲ್ವಿನ ಪ್ಲೇಟಿನಲ್ಲಿರುವ 150 ವೋಲ್ಟ್, ಸದ್ದನ್ನು ಮಾತ್ರ ದಾಟಿಸಿ ನೇರ ಕರೆಂಟನ್ನು ತಡೆಯಬೇಕಾದ ನಡುವಿನ ಕೆಪಾಸಿಟರಿನ ಮೂಲಕ ಜಿನುಗುತ್ತಿರಬಹುದು. ಕೆಪಾಸಿಟರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ನೋಡಿದ್ದೀರಿ. ‘ಸರಿ ಇದೆ’ ಎಂದು ಬರೆದು, ಅಡಿಗೆರೆ ಹಾಕಿ, ಎರಡು ದಿನ ಬೇರೆಲ್ಲೋ ಅಲೆದಿದ್ದೀರಿ. ನಿಮ್ಮ ಲೇಖನದ ಜೀವ ಆ ಎರಡು ದಿನಗಳಲ್ಲಿದೆ, ಮಾರಾಯರೇ! ಮಲ್ಟಿಮೀಟರ್ ಪರೀಕ್ಷಿಸುವುದು ಕೆಲವೇ ವೋಲ್ಟುಗಳಲ್ಲಿ. ಅಷ್ಟಕ್ಕೆ ಹಳೆಯ ಕಾಗದದ ಕೆಪಾಸಿಟರ್ ಬಾಯಿ ಬಿಡುವುದಿಲ್ಲ, 150 ವೋಲ್ಟ್ ಬಿದ್ದಾಗ ಸೋರುತ್ತದೆ. ಗ್ರಿಡ್ಡಿನಿಂದ ಚಾಸಿಗೆ (ಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟಿಗೆ) ಹೋಗುವ ನಿಮ್ಮ ರೆಸಿಸ್ಟರ್ 470 ಕಿಲೋ ಓಮ್ ಎಂದಾದರೆ 4 ವೋಲ್ಟ್ ಏರಲು 10 ಮೈಕ್ರೋಆಂಪಿಯರ್ ಕೂಡ ಬೇಡ.

ಮೂರನೇ ದಿನ ನೀವು ಮಾಡಿದ್ದು ಚೆಂದದ ಕೆಲಸ. ‘ಸ್ವಿಚ್ ಆರಿಸಿ ವಾಲ್ವ್ ಕಿತ್ತೆ. ಮತ್ತೆ ಕರೆಂಟು ಹಾಕಿದೆ. ಖಾಲಿ ಸಾಕೆಟ್ಟಿನಲ್ಲಿ ಗ್ರಿಡ್ ಇನ್ನೂ 4.’ ವಾಲ್ವೇ ಇಲ್ಲದಿದ್ದಾಗ ತಪ್ಪು ವಾಲ್ವಿನದ್ದಾಗುವುದು ಹೇಗೆ? ಇದನ್ನು ಓದಿದಾಗ ನಾನು ಚಹಾ ಲೋಟ ಕೆಳಗಿಟ್ಟೆ. ಲೇಖನದಲ್ಲಿ ಇದರ ಸುಳಿವೇ ಇಲ್ಲ. ಸೋತ ಎರಡು ದಿನ ಬರೆಯಲು ನಾಚಿಕೆಯಾಯಿತೆಂದು ಕಾಣುತ್ತದೆ.

ಕಾಲೇಜಿನ ದಿನಗಳಲ್ಲಿ ಮಂಗಳೂರಿನ ಹಂಪನಕಟ್ಟೆಯ ಹತ್ತಿರ ಒಂದು ರೇಡಿಯೋ ರಿಪೇರಿ ಅಂಗಡಿಯ ಬೆಂಚಿನಲ್ಲಿ ನಾನು ಸುಮ್ಮನೆ ಕೂರುತ್ತಿದ್ದೆ. ಅಲ್ಲಿನ ಹಿರಿಯರು ಚಾಸಿಯನ್ನು ಮಗುಚಿ ಹಾಕಿ ಮೊದಲು ಮೂಸುತ್ತಿದ್ದರು. ಆಮೇಲೆ ಒಣಗಿದ ಬಿದಿರಿನ ಕಡ್ಡಿಯೊಂದರಿಂದ ಒಂದೊಂದೇ ಬೆಸುಗೆಯನ್ನು ತಟ್ಟುತ್ತ, ಸ್ಪೀಕರಿನ ಕಡೆ ತಲೆ ಓರೆ ಮಾಡಿ ಕೇಳುತ್ತಿದ್ದರು. ‘ಇದಲ್ಲ’ ಎನ್ನುತ್ತಿದ್ದರು. ‘ಇದೂ ಅಲ್ಲ.’ ಸಿಕ್ಕಿದಾಗ ಮಾತ್ರ ಏನೂ ಹೇಳುತ್ತಿರಲಿಲ್ಲ, ಸೋಲ್ಡರಿಂಗ್ ಐರನ್‌ಗೆ ಕೈ ಚಾಚುತ್ತಿದ್ದರು. ನಾನು ಅಷ್ಟು ಹೊತ್ತು ಕೂರುತ್ತಿದ್ದುದು ಆ ‘ಇದಲ್ಲ’ಗಳಿಗಾಗಿ.

ಗುಂಯ್‌ಗುಡುವ ಸದ್ದಿನ ವಿಷಯ ಬೇರೆ. ಲೇಖನದಲ್ಲಿ ಒಮ್ಮೆ ಅದನ್ನು ಎಬ್ಬಿಸಿ ಆಮೇಲೆ ಮರೆತೇಬಿಟ್ಟಿದ್ದೀರಿ. ನೋಟ್‌ಬುಕ್ಕಿನ ಪ್ರಕಾರ ವಾಲ್ಯೂಮ್ ಪೂರ್ತಿ ಇಳಿಸಿದರೂ ಅದು ಇತ್ತು, ವಾಲ್ವನ್ನು ಒಳಗಿನಿಂದ ಕಾಯಿಸುವ ಹೀಟರಿನ ಎರಡೂ ತಂತಿಗಳಿಂದ ಚಾಸಿಗೆ 100 ಓಮಿನ ಒಂದೊಂದು ರೆಸಿಸ್ಟರ್ ಹಾಕಿದೊಡನೆ ಹೋಯಿತು. ಅಂದರೆ ಅದು ಬೇರೆಯೇ ದೋಷ, ಕೆಪಾಸಿಟರಿಗೂ ಅದಕ್ಕೂ ನಂಟಿಲ್ಲ. ಎರಡು ವಾಕ್ಯದಲ್ಲಿ ಮುಗಿಸಿ, ಇಲ್ಲವೇ ಬಿಡಿ. ಇಡುವುದಾದರೆ ಎಂಥ ಗುಂಯ್ ಎಂದು ಹೇಳಿ. ನಮ್ಮ ಕರೆಂಟಿನ 50 ಹರ್ಟ್ಸ್‌ನ ತಗ್ಗಿದ ಗುಂಯ್ ಹೀಟರಿನ ಕಡೆಗೋ ಅರ್ಥಿಂಗಿನ ಕಡೆಗೋ ಬೆರಳು ತೋರಿಸುತ್ತದೆ, 100ರ ಒರಟು ಗುಂಯ್ ಪವರ್ ಸಪ್ಲೈಯ ಏರಿಳಿತ ತಗ್ಗಿಸುವ ಫಿಲ್ಟರ್ ಕಡೆಗೆ.

ಆರನೇ ಪುಟದ ತಮಾಷೆಯನ್ನು ನಾನು ಅಚ್ಚು ಮಾಡುವುದಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗೆ ಕೈ ಹಾಕಿ ಷಾಕ್ ಹೊಡೆಸಿಕೊಂಡು ‘ಕುಣಿದಾಡಿದೆ’ ಎಂದು ನಗೆಯಾಗಿ ಬರೆದಿದ್ದೀರಿ. ಫಿಲ್ಟರ್ ಕೆಪಾಸಿಟರಿನಲ್ಲಿ 300 ವೋಲ್ಟ್ ನಿಂತಿದ್ದಾಗ ನಗಲು ಏನಿದೆ? ಇದನ್ನು ಓದಿ ಯಾವುದೋ ಊರಿನ ಹುಡುಗ ಅಟ್ಟ ಹತ್ತುತ್ತಾನೆ. ಅದರ ಮರುದಿನ 100 ಕಿಲೋ ಓಮಿನ, 2 ವ್ಯಾಟಿನ ಒಂದು ರೆಸಿಸ್ಟರನ್ನು ಕೆಪಾಸಿಟರಿಗೆ ಅಡ್ಡ ಹಾಕಿದ್ದೀರಿ, 47 ಮೈಕ್ರೋಫ್ಯಾರಡಿನ ಆ ಕೆಪಾಸಿಟರ್ ಅರ್ಧ ನಿಮಿಷದಲ್ಲಿ ಖಾಲಿಯಾಗುತ್ತದೆ ಎಂದು ಗುರುತು ಮಾಡಿದ್ದೀರಿ, ‘ಆದರೂ ಮೀಟರ್ ಹಿಡಿದೇ ಮುಟ್ಟಬೇಕು’ ಎಂದೂ ಬರೆದಿದ್ದೀರಿ. ಹೆದರಿದ್ದೀರಿ ಎಂದಾಯಿತು. ಹೆದರಿಕೆಯನ್ನೇ ಬರೆಯಿರಿ.

ಇನ್ನೊಂದು. ಏಪ್ರಿಲ್‌ನ ಬಿಸು ಹಬ್ಬದ ದಿನ ಚೆನ್ನಾಗಿ ಹಾಡಿದ್ದು ಮಳೆಗಾಲದ ಆಟಿ ತಿಂಗಳಲ್ಲಿ ಕೆಟ್ಟಿತು ಎಂದಿದ್ದೀರಿ, ಬೇರೆ ಬೇರೆ ಪುಟಗಳಲ್ಲಿ. ಕಾಗದದ ಕೆಪಾಸಿಟರ್ ತೇವ ಹೀರುತ್ತದೆ, ನಡುವೆ ಸುರಿದದ್ದು ನಮ್ಮ ಮಳೆ. ಆ ಎರಡು ಪುಟಗಳನ್ನು ಹತ್ತಿರ ತನ್ನಿ. ಹಾಗೆಯೇ ಅಜ್ಜಿ ಅಡುಗೆಮನೆಯಿಂದ ಬಂದು ‘ಇದು ಎಂತಹ ಶಬ್ದ?’ ಎಂದು ಕೇಳಿದರಂತೆ. ಅವರು ತುಳುವಿನಲ್ಲಿ ಕೇಳಿದ್ದು ‘ಉಂದು ದಾದ ಶಬ್ದ?’ ಎಂದೇ ಇರಬೇಕು. ಹಾಗೆಯೇ ಇಡಿ, ಓದುಗರಿಗೆ ಅರ್ಥವಾಗುತ್ತದೆ.

ಒಂಬತ್ತು ಪುಟ ನಾಲ್ಕಕ್ಕೆ ಇಳಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ. ಶೀರ್ಷಿಕೆ ನಾನು ಕೊಡುತ್ತೇನೆ, ಮಾಧುರ್ಯವಂತೂ ಇರುವುದಿಲ್ಲ. ನೋಟ್‌ಬುಕ್ಕಿನ ಪುಟವನ್ನು ಹಗಲು ಬೆಳಕಿನಲ್ಲಿ ಇನ್ನೊಮ್ಮೆ ಫೋಟೊ ತೆಗೆದು ಕಳುಹಿಸಿ, ‘ಸರಿ ಇದೆ’ ಎಂಬುದರ ಅಡಿಗೆರೆ ಸ್ಪಷ್ಟವಾಗಿ ಕಾಣಬೇಕು. ಆ ಹಳೆಯ ಕೆಪಾಸಿಟರನ್ನು ಎಸೆದಿಲ್ಲವಾದರೆ ಅದರ ಫೋಟೊ ಕೂಡ ಇರಲಿ. ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಡಿ, ಗಾತ್ರ ತಿಳಿಯುತ್ತದೆ.

ಇಂತು,
ಸಂಪಾದಕ