ಹಳೇ ಸಾಮಾನು, ಓದುಗರ ಪ್ರಶ್ನೆ: ಈ ಸಲ ಪೂರ್ತಿ ಗುಂಡಿನದ್ದೇ ಗಲಾಟೆ

ಹೋದ ಸಂಚಿಕೆಲಿ ಶ್ರೀರಂಗಪಟ್ಟಣದ ಕೋಟೆ ಬಗ್ಗೆ ಬರೀತಾ, ಫಿರಂಗಿ ಗುಂಡುಗಳು ಎಷ್ಟೋ ಮನೆಗಳಲ್ಲಿ ಬಾಗಿಲಿಗೆ ಒತ್ತು ಕೊಡೋಕೆ ಬಿದ್ದಿರುತ್ವೆ ಅಂತ ಒಂದೇ ಒಂದು ಸಾಲು ಹಾಕಿದ್ದೆ ಅಷ್ಟೆ, ಕಾಗದ, ಮೇಲ್, ವಾಟ್ಸಾಪ್ ಫೋಟೋ ಎಲ್ಲಾ ಸೇರಿ ರಾಶಿ ಬಿತ್ತು. ಗುಂಡು ಅಂದ ತಕ್ಷಣ ಶನಿವಾರ ಸಂಜೆ ನೆನಪಾಗೋರು ದಯವಿಟ್ಟು ಮುಂದಿನ ಪುಟಕ್ಕೆ ಹೋಗಿ. ಉಳಿದೋರು ಒಂದು ಹೊಲಿಗೆ ಟೇಪು, ಒಂದು ತಕ್ಕಡಿ ಹತ್ರ ಇಟ್ಕೊಂಡು ಓದಿ, ಯಾಕೆ ಅಂತ ಮೊದಲನೇ ಉತ್ತರದಲ್ಲೇ ಗೊತ್ತಾಗುತ್ತೆ.

ನಮ್ಮ ಮನೇಲಿ ಒಂದು ಕಬ್ಬಿಣದ ಗುಂಡಿದೆ ಸಾರ್. ಟಿಪ್ಪು ಸುಲ್ತಾನನ ಕಾಲದ್ದು ಅಂತ ನಮ್ಮ ದೊಡ್ಡಪ್ಪ ಎಲ್ಲರಿಗೂ ಹೇಳೋರು. ಅವರು ಹೈಸ್ಕೂಲಲ್ಲಿ ಪಿಟಿ ಮೇಷ್ಟ್ರಾಗಿದ್ರು, ಹಳೇ ವಸ್ತು ಅಂದ್ರೆ ಪ್ರಾಣ. ತೂಕ 7 ಕೆಜಿ 260 ಗ್ರಾಂ, ದಾರ ಸುತ್ತಿ ಅಳೆದ್ರೆ 39 ಸೆಂಟಿಮೀಟರ್ ಬಂತು. ಬೆಲೆ ಎಷ್ಟಾಗಬಹುದು?
– ಓದುಗರು, ಮಂಡ್ಯ

ಮೊದಲು ನಿಮಗೊಂದು ಶಹಭಾಸ್, ಬಂದ ಅಷ್ಟೂ ಪತ್ರಗಳಲ್ಲಿ ತೂಕ ಅಳತೆ ಎರಡನ್ನೂ ಬರೆದು ಕಳಿಸಿದ್ದು ನೀವೊಬ್ಬರೇ. ಈ ಎರಡು ಅಂಕಿ ಇದ್ರೆ ಮುಕ್ಕಾಲು ಜಾತಕ ಹೇಳಬಹುದು. ಸುತ್ತಳತೆನ 3.14ರಿಂದ ಭಾಗಿಸಿ, ನಿಮ್ಮದು 12.4 ಸೆಂ.ಮೀ. ಅಡ್ಡಗಲ. ಅದನ್ನ ಮೂರು ಸಲ ಅದರಿಂದಲೇ ಗುಣಿಸಿ, ಅಂದ್ರೆ 12.4 ಇಂಟು 12.4 ಇಂಟು 12.4, ಬಂದಿದ್ದನ್ನ 3.77ರಿಂದ ಗುಣಿಸಿದ್ರೆ ಗಟ್ಟಿ ಎರಕದ ಕಬ್ಬಿಣದ ಗುಂಡು ಎಷ್ಟು ಗ್ರಾಂ ತೂಗಬೇಕು ಅನ್ನೋದು ಸಿಗುತ್ತೆ. ನಿಮ್ಮದಕ್ಕೆ ಸುಮಾರು 7 ಕೆಜಿ 190 ಗ್ರಾಂ ಬರುತ್ತೆ, ಹಾಗಾಗಿ ಇದು ಒಳಗೂ ಗಟ್ಟಿಯಾಗಿರೋ ಕಬ್ಬಿಣವೇ, ಪೊಳ್ಳಲ್ಲ. ಇಲ್ಲೀವರೆಗೂ ಖುಷಿ ಸುದ್ದಿ.

ಈಗ ಇನ್ನೊಂದು ಸುದ್ದಿ. ಆ ಕಾಲದ ಇಂಗ್ಲಿಷರ ಫಿರಂಗಿಗೆ ಹೆಸರು ಬರ್ತಿದ್ದಿದ್ದೇ ಗುಂಡಿನ ತೂಕದಿಂದ. 6 ಪೌಂಡಿನ ಗುಂಡು ಹತ್ತಿರ ಹತ್ತಿರ 9 ಸೆಂ.ಮೀ. ಅಗಲ, 2.7 ಕೆಜಿ. 9 ಪೌಂಡಿನದು 10 ಸೆಂ.ಮೀ., 4 ಕೆಜಿ. 12 ಪೌಂಡು ಅಂದ್ರೆ 11 ಸೆಂ.ಮೀ., 5.4 ಕೆಜಿ. 18 ಪೌಂಡಿನದು 13ಕ್ಕೆ ಸ್ವಲ್ಪ ಕಮ್ಮಿ, 8.2 ಕೆಜಿ. ಕೋಟೆ ಗೋಡೆ ಒಡೆಯೋಕೆ ತರ್ತಿದ್ದ 24 ಪೌಂಡಿನದು 14 ಸೆಂ.ಮೀ., ಹತ್ತಿರ ಹತ್ತಿರ 11 ಕೆಜಿ. ನಿಮ್ಮ 7.26 ಕೆಜಿ ಅಂದ್ರೆ ಕರೆಕ್ಟಾಗಿ 16 ಪೌಂಡು, ಈ ಸಾಲಲ್ಲಿ ಅದು ಇಲ್ಲವೇ ಇಲ್ಲ. ಫ್ರೆಂಚರಲ್ಲಿ 16 ಪೌಂಡಿನ ಫಿರಂಗಿ ಇತ್ತು, ಮೈಸೂರು ಸೈನ್ಯದಲ್ಲಿ ಫ್ರೆಂಚ್ ಗೋಲಂದಾಜರೂ, ಅಂದ್ರೆ ಫಿರಂಗಿ ಹಾರಿಸೋರೂ, ಇದ್ರು, ಆದ್ರೆ ಫ್ರೆಂಚ್ ಪೌಂಡು ಇಂಗ್ಲಿಷರದಕ್ಕಿಂತ ಭಾರ, ಅವರ 16 ಅಂದ್ರೆ 7.8 ಕೆಜಿ. ಅರ್ಧ ಕೆಜಿ ತುಕ್ಕು ಹಿಡಿದು ಉದುರಿರಬಹುದಲ್ವಾ ಅಂತ ನೀವು ಕೇಳಬಹುದು, ಉದುರಿದ್ರೆ ಮೈಯೆಲ್ಲಾ ಸಿಡುಬಿನ ಕಲೆ ಥರ ಗುಳಿ ಬಿದ್ದಿರಬೇಕಿತ್ತು, ನಿಮ್ಮ ಫೋಟೋದಲ್ಲಿ ಅದು ಲೇತಿಗೆ ಕೊಟ್ಟು ಉಜ್ಜಿಸಿದ ಹಾಗೆ ನುಣ್ಣಗಿದೆ.

7.26 ಕೆಜಿ ಅನ್ನೋದು ಗಂಡಸರ ಶಾಟ್‌ಪುಟ್ ಗುಂಡಿನ ತೂಕ ಸ್ವಾಮಿ. ದೊಡ್ಡಪ್ಪ ಪಿಟಿ ಮೇಷ್ಟ್ರು ಅಂತ ನೀವೇ ಬರೆದಿದ್ದೀರಿ, ನಾನು ಇನ್ನೇನೂ ಹೇಳಲ್ಲ. ಬೆಲೆ ಕೇಳಬೇಡಿ, ಮನೇಲಿ ಇಟ್ಕೊಳ್ಳಿ, ಅವರ ಕೈ ಸವರಿದ ಗುಂಡು.

ಗುಜರಿ ಅಂಗಡೀಲಿ ಒಂದು ಗೋಣಿಚೀಲದ ತುಂಬ ಗುಂಡು ಇತ್ತು, ಚಿತ್ರದುರ್ಗದ ಕೋಟೆದು ಅಂತಾರೆ, ಒಂದಕ್ಕೆ 800 ರೂಪಾಯಿ. ಒಂದೊಂದೂ ಒಂದೊಂದು ಸೈಜು. ತಗೋಬಹುದಾ?
– ಓದುಗರು, ಬೆಂಗಳೂರು

ನಾನು ತಗೊಂಡಿದ್ದೆ. ಹದಿನೈದು ವರ್ಷದ ಹಿಂದೆ, ಇದೇ ಕಥೆ, ಇದೇ ಚಿತ್ರದುರ್ಗ, ಮೂರು ಗುಂಡು, ಚೌಕಾಸಿ ಮಾಡಿ ದೊಡ್ಡ ಜಾಣನ ಹಾಗೆ ಆಟೋದಲ್ಲಿ ಹಾಕ್ಕೊಂಡು ಬಂದೆ. ಶೋಕೇಸಲ್ಲಿ ಎರಡು ವರ್ಷ ಇತ್ತು, ಕೆಳಗೆ ಚೀಟಿ ಬೇರೆ ಅಂಟಿಸಿದ್ದೆ. ಆಮೇಲೆ ಸಿಮೆಂಟ್ ಫ್ಯಾಕ್ಟರಿಲಿ ಕೆಲಸ ಮಾಡ್ತಿದ್ದ ನೆಂಟರೊಬ್ಬರು ಕಾಫಿಗೆ ಬಂದೋರು ಶೋಕೇಸ್ ನೋಡಿ, ಏನಯ್ಯಾ ನಮ್ಮ ಮಿಲ್ಲಿನ ಬಾಲ್ ನಿಮ್ಮ ಮನೇಲಿ ಅಂದ್ರು. ಕಲ್ಲು, ಅದಿರು ಪುಡಿ ಮಾಡೋ ದೊಡ್ಡ ಪೀಪಾಯಿ ಒಳಗೆ ಇಂಥ ಉಕ್ಕಿನ ಗುಂಡು ಟನ್‌ಗಟ್ಟಲೆ ತುಂಬಿ ತಿರುಗಿಸ್ತಾರೆ, ತಿರುಗಿ ತಿರುಗಿ ಸವೆದು ಒಂದೊಂದೂ ಒಂದೊಂದು ಅಳತೆ ಆಗುತ್ತೆ, ಚಿಕ್ಕದಾದ ಮೇಲೆ ತೆಗೆದು ಗುಜರಿಗೆ ಹಾಕ್ತಾರೆ. ಗಣಿ ಇರೋ ಕಡೆ, ಸಿಮೆಂಟ್ ಫ್ಯಾಕ್ಟರಿ ಇರೋ ಕಡೆ ಇವು ಧಂಡಿಯಾಗಿ ಸಿಗುತ್ವೆ. ನನ್ನ ಮೂರು ಗುಂಡು ಈಗ ಎಲ್ಲಿದೆ ಅಂದ್ರೆ ತಾರಸಿ ಮೇಲೆ, ಬೇಸಿಗೆಲಿ ಸಂಡಿಗೆ ಹಾಕಿದ ಪಂಚೆ ಗಾಳಿಗೆ ಹಾರದ ಹಾಗೆ ಮೂರು ಮೂಲೆಗೆ ಇಡೋಕೆ. ನಾಲ್ಕನೇ ಮೂಲೆಗೆ ಇಟ್ಟಿಗೆ. ಪಂಚೆಗೆ ತುಕ್ಕಿನ ಕಲೆ ಆಗುತ್ತೆ ಅಂತ ನಮ್ಮನೆಯವರು ಅದಕ್ಕೂ ಈಗ ಪ್ಲಾಸ್ಟಿಕ್ ಕವರ್ ಹಾಕಿದ್ದಾರೆ.

ಗುರುತಿಸೋದು ಹೇಗೆ ಅಂದ್ರೆ, ಸವೆದ ಮಿಲ್ ಬಾಲ್ ಅಲ್ಲಲ್ಲಿ ಚಪ್ಪಟೆ ಆಗಿರುತ್ತೆ, ಪೂರ್ತಿ ಗುಂಡಗಿರಲ್ಲ, ಆದ್ರೆ ಮೈ ಮಾತ್ರ ನುಣುಪು. ಹಳೇ ಫಿರಂಗಿ ಗುಂಡನ್ನ ಎರಡು ಅರ್ಧ ಅಚ್ಚು ಕೂಡಿಸಿ ಎರಕ ಹೊಯ್ತಿದ್ರು, ಹಾಗಾಗಿ ನಡುವಲ್ಲಿ ಸಣ್ಣ ಗೆರೆ, ಒಂದು ಕಡೆ ಕರಗಿದ ಕಬ್ಬಿಣ ಸುರಿದ ಬಾಯಿನ ಗುರುತು, ಗಾಳಿಗುಳ್ಳೆಯ ಚಿಕ್ಕ ಚಿಕ್ಕ ತೂತು ಇರುತ್ವೆ. ಆದ್ರೆ ಗೆರೆ ಕಂಡ ತಕ್ಷಣ ಕುಣೀಬೇಡಿ, ಕಾಂಪೌಂಡ್ ಗೇಟಿನ ಕಂಬದ ಮೇಲೆ ಕೂರಿಸೋ ಶೋಕಿ ಗುಂಡಿಗೂ ಗೆರೆ ಇರುತ್ತೆ. ಗೆರೆ, ತೂಕ, ಅಗಲ, ಸಿಕ್ಕಿದ ಜಾಗ, ನಾಲ್ಕೂ ಒಂದೇ ಮಾತು ಹೇಳಬೇಕು. ನಿಮ್ಮ ಗುಜರಿಯವನ ಚೀಲದಲ್ಲಿ ನಾಲ್ಕನೇದು ಬರೀ ಬಾಯಿಮಾತು.

ನಮ್ಮ ಹೊಲದಾಗ ಕಲ್ಲಿನ ಗುಂಡು ಸಿಕ್ಕೈತ್ರಿ. ಸುತ್ತಳತಿ ನಾಕೂವರಿ ಫೂಟ್ ಐತಿ, ಒಬ್ಬರ ಕೈಲೆ ಅಳ್ಳಾಡ್ಸಾಕ ಆಗವಲ್ದು. ಮಲಿಕ್-ಎ-ಮೈದಾನ ತೋಪಿಂದ ಹಾರಿ ಬಂದದ್ದು ಅಂತ ಊರಾಗ ಮಾತಾಡಾಕತ್ತಾರ್ರಿ. ಖರೇನ?
– ಓದುಗರು, ವಿಜಯಪುರ ಜಿಲ್ಲಾ

ನಿಮ್ಮ ಪತ್ರ ಓದಿ ಬಹಳ ಸಂತೋಷ ಆಯ್ತು ರೀ. ಮಲಿಕ್-ಎ-ಮೈದಾನ 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ತೋಪು, ಗಂಟೆ ಮಾಡೋ ಲೋಹ, ತೂಕ ಸುಮಾರು 55 ಟನ್, ಬಾಯಿಯ ಅಗಲ 70 ಸೆಂಟಿಮೀಟರ್. ನಿಮ್ಮ ಕಲ್ಲು ಲೆಕ್ಕ ಹಾಕಿದ್ರೆ 44 ಸೆಂ.ಮೀ. ಅಗಲ, ಆ ಬಾಯಿಗೆ ಹಾಕಿದ್ರೆ ಹಂಡೆ ಒಳಗೆ ತೆಂಗಿನಕಾಯಿ ಬಿಟ್ಟ ಹಾಗೆ ಉರುಳಾಡುತ್ತೆ. ಗುಂಡು ಫಿರಂಗಿ ಬಾಯಿಗಿಂತ ಒಂಚೂರು ಮಾತ್ರ ಚಿಕ್ಕದಿರಬೇಕು, ಇಲ್ಲದಿದ್ರೆ ಮದ್ದಿನ ಹೊಗೆಯೆಲ್ಲಾ ಸಂದಿಲಿ ಸೋರಿ ಹೋಗಿ ಗುಂಡು ಅಲ್ಲೇ ಮುಂದೆ ದೊಪ್ಪಂತ ಬೀಳುತ್ತೆ. ಆ ತೋಪಿಗೆ ಸರಿಹೋಗೋ ಕಬ್ಬಿಣದ ಗುಂಡು ಮಾಡಿದ್ರೆ 1,200 ಕೆಜಿ ಆಸುಪಾಸು ಆಗುತ್ತೆ, ಕಲ್ಲಾದ್ರೆ ಅದರ ಅರ್ಧಕ್ಕಿಂತ ಕಮ್ಮಿ. ದೊಡ್ಡ ಬಾಯಿ ತೋಪುಗಳಿಗೆ ಕಲ್ಲೇ ಒಗ್ಗುತ್ತಿದ್ದಿದ್ದು ಯಾಕೆ ಅಂತ ಇದರಲ್ಲೇ ಗೊತ್ತಾಗುತ್ತೆ.

ನಿಮ್ಮದು 120 ಕೆಜಿ ಆಸುಪಾಸು ಇರಬೇಕು. ಒಂದು ಕೆಲಸ ಮಾಡಿ, ಊರಿನ ಹಿರಿಯರನ್ನ ಕೇಳಿ, ಹನುಮಪ್ಪನ ಗುಡಿ ಮುಂದೆ ಹಿಂದೆ ಜಾತ್ರೆಲಿ ಗುಂಡು ಎತ್ತೋ ಪಂದ್ಯ ನಡೀತಿತ್ತಾ ಅಂತ. ಪೈಲ್ವಾನರು ಎದೆಗೆ ಒತ್ತಿ ಎತ್ತಿ ಎತ್ತಿ ಆ ಕಲ್ಲಿನ ಹೊಟ್ಟೆ ಎಣ್ಣೆ ಹಚ್ಚಿದ ಹಾಗೆ ಮಿರುಗ್ತಿರುತ್ತೆ. ತೋಪಿನ ಕಲ್ಲಾದ್ರೆ ಮೈಯೆಲ್ಲಾ ಒಂದೇ ಸಮ ಉಳಿ ಏಟು ಕಾಣುತ್ತೆ, ಯಾವ ಕಡೆ ಟೇಪು ಹಿಡಿದ್ರೂ ಒಂದೇ ಅಳತೆ ಬರುತ್ತೆ. ಮಿರುಗ್ತಿದ್ರೆ ಅದು ಗರಡಿ ಕಲ್ಲು, ನನ್ನ ಕೇಳಿದ್ರೆ ಅದಕ್ಕೇ ಮರ್ಯಾದೆ ಜಾಸ್ತಿ. ಉಳಿ ಏಟಿದ್ರೆ ತಹಶೀಲ್ದಾರ್ ಆಫೀಸಿಗೆ ಒಂದು ಅರ್ಜಿ ಬರೀರಿ, ನೆಲದಾಗ ಸಿಕ್ಕ ಹಳೇ ವಸ್ತು ಅದು.

ಕೋಟೆ ಟ್ರೆಕ್ಕಿಂಗ್ ಹೋದಾಗ ನಿಂಬೆಹಣ್ಣಿನ ಗಾತ್ರದ ಕಬ್ಬಿಣದ ಗುಂಡು ಸಿಕ್ತು, ಬ್ಯಾಗಿಗೆ ಹಾಕ್ಕೊಂಡು ಬಂದೆ. ಪ್ರಾಬ್ಲಂ ಇಲ್ಲ ತಾನೆ?
– ಓದುಗರು, ತುಮಕೂರು

ಇದೆ. ಸಂರಕ್ಷಿತ ಕೋಟೆಯಿಂದ ಒಂದು ಹೆಂಚಿನ ಚೂರೂ ತರೋ ಹಾಗಿಲ್ಲ. ನೂರು ವರ್ಷ ದಾಟಿದ ವಸ್ತು 1972ರ ಪುರಾವಸ್ತು ಕಾನೂನಿನ ಕೆಳಗೆ ಬರುತ್ತೆ, ಅದರ ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು, ದೇಶದಿಂದ ಆಚೆ ಖಾಸಗಿಯವರು ಕಳಿಸೋ ಹಾಗೇ ಇಲ್ಲ. ಕಾನೂನಿಗಿಂತ ನನಗೆ ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. ಹೊಸನಗರ ತಾಲೂಕಿನ ನಗರ ಅನ್ನೋ ಊರಲ್ಲಿ 2002ರಲ್ಲಿ ಕಬ್ಬಿಣದ ಕೊಳವೆಗಳು ಸಿಕ್ಕಿದ್ವು, ಮೊದಲು ಅವನ್ನ ಫಿರಂಗಿ ಗುಂಡು ಅಂತಲೇ ಅಂದ್ಕೊಂಡು ಇಟ್ಟಿದ್ರು, ಎಷ್ಟೋ ವರ್ಷ ಆದಮೇಲೆ ಅವು ಟಿಪ್ಪು ಕಾಲದ ರಾಕೆಟ್ ಅಂತ ಗೊತ್ತಾಯ್ತು. 2018ರಲ್ಲಿ ಅಲ್ಲೇ ಒಂದು ಹಾಳು ಬಾವಿ ಅಗೆದಾಗ ಸಾವಿರಕ್ಕೂ ಜಾಸ್ತಿ ಸಿಕ್ತು. ಮೊದಲು ಸಿಕ್ಕಿದ್ದನ್ನ ಒಬ್ಬೊಬ್ಬರು ಒಂದೊಂದು ಬ್ಯಾಗಿಗೆ ಹಾಕ್ಕೊಂಡು ಹೋಗಿದ್ದಿದ್ರೆ ಅಲ್ಲಿ ಇಷ್ಟು ದೊಡ್ಡ ದಾಸ್ತಾನು ಇದೆ ಅಂತ ಯಾರಿಗೆ ಹೊಳೀತಿತ್ತು? ಎಲ್ಲಿ ಸಿಕ್ತು ಅನ್ನೋದನ್ನ ಫೋಟೋ ಸಮೇತ ಬರೆದು ಪುರಾತತ್ವ ಇಲಾಖೆಯವರಿಗೆ ವಾಪಸ್ ಕೊಡಿ ಮಾರಾಯರೇ.

ಮಾವನವರ ಕಾಲದ ಗುಂಡು ತುಕ್ಕು ಹಿಡಿದಿದೆ. ಹುಣಸೆಹಣ್ಣು ಹಾಕಿ ಉಜ್ಜಿದೆ, ಫಳಫಳ ಅಂತು, ಒಂದೇ ವಾರಕ್ಕೆ ಮೊದಲಿಗಿಂತ ಕೆಂಪಾಯ್ತು.
– ಓದುಗರು, ಹಾಸನ

ಅಮ್ಮಾ, ಹುಣಸೆಹಣ್ಣು ಹಿತ್ತಾಳೆ ತಂಬಿಗೆಗೆ, ಕಬ್ಬಿಣಕ್ಕಲ್ಲ. ಹುಳಿ ತುಕ್ಕಿನ ಜೊತೆ ಕಬ್ಬಿಣಾನೂ ತಿನ್ನುತ್ತೆ, ಗುಳಿಗಳಲ್ಲಿ ಉಳ್ಕೊಂಡು ಒಳಗೇ ಕೆಲಸ ಮುಂದುವರಿಸುತ್ತೆ. ಮೊದಲು ಗುಂಡಲ್ಲಿ ಎಲ್ಲಾದ್ರೂ ಮುಚ್ಚಿದ ತೂತು ಇದೆಯಾ ನೋಡಿ, ಇದ್ರೆ ಮುಟ್ಟಬೇಡಿ, ಮುಂದಿನ ಉತ್ತರ ಓದಿ. ಇಲ್ಲ, ಗಟ್ಟಿ ಗುಂಡೇ ಅಂತಾದ್ರೆ ಒಂದು ಸಲ ನೀರಲ್ಲಿ ಚೆನ್ನಾಗಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ, ನೈಲಾನ್ ಬ್ರಶ್ಶಲ್ಲಿ ಉದುರೋ ತುಕ್ಕಷ್ಟೇ ಉದುರಿಸಿ.

ಈಳಿಗೆಮಣೇಲಿ ಬಾಳೆಕಾಯಿ ಹೆಚ್ಚಿದ್ರೆ ಅಲಗು ಕಪ್ಪಾಗಲ್ವಾ, ಅದು ಬಾಳೆಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಆಗೋ ಕಪ್ಪು. ಅಳಲೆಕಾಯಿ ಜೊತೆ ಕಬ್ಬಿಣ ಸೇರಿಸಿ ಹಿಂದಿನವರು ಶಾಯಿ ಮಾಡ್ತಿದ್ದಿದ್ದೂ ಇದೇ ಒಗರಿಂದ. ಮ್ಯೂಸಿಯಂನವರು ಅದೇ ಒಗರನ್ನ ಟ್ಯಾನಿಕ್ ಆಸಿಡ್ ಅನ್ನೋ ಹೆಸರಲ್ಲಿ ಅಳತೆ ಮಾಡಿ ಹಚ್ಚುತ್ತಾರೆ, ಕೆಂಪು ತುಕ್ಕು ಕಪ್ಪು ಪದರ ಆಗಿ ಕೂರುತ್ತೆ. ಮೇಲೆ ತೆಳ್ಳಗೆ ಮೇಣ. ಕೊಬ್ಬರಿ ಎಣ್ಣೆ ಬೇಡ, ಧೂಳು ಹಿಡಿದು ಜಿಡ್ಡಾಗುತ್ತೆ. ಗ್ರೈಂಡರ್ ಮೆಷಿನ್ನಿಗೆ ಕೊಟ್ಟು ಮೆರುಗು ಹಾಕಿಸಿದ್ರಂತೂ ಎರಕದ ಗೆರೆ ಗುರುತು ಎಲ್ಲಾ ಹೋಗಿ ನಿಮ್ಮ ಗುಂಡೂ ಮಂಡ್ಯದವರ ಶಾಟ್‌ಪುಟ್ಟೂ ಒಂದೇ ಆಗುತ್ತೆ. ಇಡೋಕೆ ಬಟ್ಟೆ ಸಿಂಬೆ ಬೇಡ, ತೇವ ಹಿಡಿಯುತ್ತೆ, ಬೆತ್ತದ ಸಿಂಬೆ ಸಿಕ್ಕಿದ್ರೆ ಅದರಷ್ಟು ಚಂದ ಯಾವ ಸ್ಟ್ಯಾಂಡೂ ಇಲ್ಲ.

ನಾನು ಅಮೆರಿಕದ ವರ್ಜೀನಿಯಾದಲ್ಲಿದ್ದೀನಿ. ಇಲ್ಲಿಯ ಅಂತರ್ಯುದ್ಧದ ಕಾಲದ ಒಂದು ಬಾಲ್ ತಗೊಂಡೆ, ಅದರಲ್ಲಿ ಮುಚ್ಚಿದ ಒಂದು ತೂತಿದೆ. ಡ್ರಿಲ್ ಹಾಕಿ ಕ್ಲೀನ್ ಮಾಡಿ ಊರಿಗೆ ಬರುವಾಗ ಅಪ್ಪನಿಗೆ ತರೋಣ ಅಂತ.

ಡ್ರಿಲ್ ಕೆಳಗಿಡಿ. ಮೊದಲು ಅದನ್ನ ಮಾಡಿ, ಆಮೇಲೆ ಮುಂದೆ ಓದಿ.

ತೂತಿದೆ ಅಂದ್ರೆ ಅದು ಗಟ್ಟಿ ಗುಂಡಲ್ಲ, ಪೊಳ್ಳು ಗುಂಡು, ಒಳಗೆ ಕರಿಮದ್ದು ತುಂಬಿ ಆ ತೂತಲ್ಲಿ ಬತ್ತಿ ಇಡ್ತಿದ್ರು. ನೂರೈವತ್ತು ವರ್ಷ ಆದ್ರೂ ಮದ್ದು ಸತ್ತಿರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಮುಚ್ಚಳ ಬಿಗಿಯಾಗಿದ್ರೆ ನೀರಲ್ಲಿ ಬಿದ್ದಿದ್ದೂ ಒಳಗೆ ಒಣಗಿರಬಹುದು. 2008ರಲ್ಲಿ ನಿಮ್ಮ ವರ್ಜೀನಿಯಾದಲ್ಲೇ, ಎಷ್ಟೋ ವರ್ಷದಿಂದ ಇದೇ ಕೆಲಸ ಮಾಡಿ ಕೈ ಪಳಗಿದ್ದ ಒಬ್ಬ ಸಂಗ್ರಾಹಕರು ಮನೆ ಮುಂದೆ ಇಂಥದ್ದೊಂದನ್ನ ಕ್ಲೀನ್ ಮಾಡ್ತಿದ್ದಾಗ ಸಿಡಿದು ತೀರಿಕೊಂಡ್ರು. ಅಲುಗಾಡಿಸದೆ ಹೊರಗೆ ಬಂದು ಪೊಲೀಸರಿಗೆ ಫೋನ್ ಮಾಡಿ, ಅವರ ಬಾಂಬ್ ಸ್ಕ್ವಾಡ್ ಬರುತ್ತೆ. ವಿಮಾನದಲ್ಲಿ ತರೋ ಯೋಚನೆ ಬಿಟ್ಟುಬಿಡಿ, ಗಟ್ಟಿ ಗುಂಡಾದ್ರೂ ಏರ್‌ಪೋರ್ಟಲ್ಲಿ ನಿಮ್ಮ ಸೂಟ್‌ಕೇಸ್ ಸುತ್ತ ಜನ ಸೇರ್ತಾರೆ. ಅಪ್ಪನಿಗೆ ಒಂದು ಸ್ವೆಟರ್ ತನ್ನಿ.

ಫಿರಂಗಿ ಗುಂಡುಗಳನ್ನ ಗೋಪುರದ ಥರ ಜೋಡಿಸಿರ್ತಾರಲ್ಲ, ಎಷ್ಟಿದೆ ಅಂತ ಎಣಿಸೋದು ಹೇಗೆ ಅಂಕಲ್?
– 8ನೇ ಕ್ಲಾಸು, ಧಾರವಾಡ

ತಳ ಚೌಕ ಆಗಿದ್ರೆ ಮೇಲಿಂದ 1, 4, 9, 16 ಅಂತ ಕೂಡಿಸ್ತಾ ಬಾ ಪುಟ್ಟಾ. ಐದು ಸಾಲಿಗೆ 55. ಒಂದು ಮಜಾ ಹೇಳ್ತೀನಿ, 24 ಸಾಲು ಪೇರಿಸಿದ್ರೆ 4,900 ಆಗುತ್ತೆ, ಅಷ್ಟನ್ನೂ ಕೆಳಗಿಳಿಸಿ ನೆಲದ ಮೇಲೆ ಹರಡಿದ್ರೆ 70ಕ್ಕೆ 70 ಸರಿಯಾದ ಚೌಕ. ಒಂದೇ ಒಂದು ಗುಂಡು ಬಿಟ್ರೆ ಹೀಗೆ ಕೂಡಿ ಬರೋ ಸಂಖ್ಯೆ ಇದೊಂದೇ, ಅದನ್ನ 1918ರಲ್ಲಿ ಸಾಧಿಸಿ ತೋರಿಸಿದ್ರು. ಮೇಷ್ಟ್ರಿಗೆ ಕೇಳು, ನನ್ನ ಹೆಸರು ಹೇಳಬೇಡ.

ನ್ಯೂಜೆರ್ಸಿಲಿ ಹಳೇ ಮನೆ ಸಾಮಾನಿನ ಸೇಲಲ್ಲಿ 'ಕ್ಯಾನನ್‌ಬಾಲ್ ಬೆಡ್' ಅಂತ ಮಂಚ ನೋಡಿದೆ. ನಾಲ್ಕು ಕಂಬದ ಮೇಲೂ ಗುಂಡು. ಅವು ನಿಜವಾದ ಗುಂಡಾ? ತಗೊಳ್ಳಲಾ?
– ಓದುಗರು

ಅಲ್ಲಮ್ಮಾ, ಮರದ್ದೇ, ಲೇತಲ್ಲಿ ಕಡೆದಿದ್ದು, ಆಕಾರಕ್ಕೆ ಆ ಹೆಸರು. 1800ರ ನಂತರದ ದಶಕಗಳಲ್ಲಿ ಆ ಕಡೆ ಅದೊಂದು ಫ್ಯಾಷನ್ನು, ಮೇಪಲ್ ಮರದ್ದು ಜಾಸ್ತಿ. ಆಮೇಲೂ ಅದೇ ಮಾದರಿಲಿ ಮಾಡ್ತಾನೇ ಬಂದಿದ್ದಾರೆ, ಹಾಗಾಗಿ ಗುಂಡು ನೋಡಬೇಡಿ, ಹಾಸಿಗೆ ಎತ್ತಿಸಿ ಕೆಳಗೆ ನೋಡಿ. ಹಳೇದಾದ್ರೆ ಹಲಗೆ ಇರಲ್ಲ, ನಮ್ಮ ಹಗ್ಗದ ಮಂಚದ ಹಾಗೆ ಹಗ್ಗ ಬಿಗಿಯೋಕೆ ಅಡ್ಡಪಟ್ಟಿ ಉದ್ದಕ್ಕೂ ತೂತೋ ಮರದ ಗೂಟವೋ ಇರುತ್ತೆ. ಎಷ್ಟೋ ಮಂಚಕ್ಕೆ ಆಮೇಲೆ ಉದ್ದ ಸಾಲದೆ ಅಡ್ಡಪಟ್ಟಿ ಬದಲಾಯಿಸಿರ್ತಾರೆ, ಆ ಪಟ್ಟಿಯ ಬಣ್ಣ, ಕಂಬದ ಬಣ್ಣ ಬೇರೆ ಬೇರೆ ಇದ್ರೆ ಬೆಲೆ ಇಳಿಸಿ ಕೇಳಿ. ನಾಲ್ಕೂ ಗುಂಡನ್ನ ಕೈಯಲ್ಲಿ ತಡವಿ, ಮರ ಒಣಗ್ತಾ ಒಣಗ್ತಾ ಒಂದು ಕಡೆ ಕುಗ್ಗುತ್ತೆ, ಇನ್ನೂರು ವರ್ಷದ ಮರದ ಗುಂಡು ಪೂರ್ತಿ ಗುಂಡಗಿರಲ್ಲ, ಟೇಪು ಎರಡು ಕಡೆ ಹಿಡಿದ್ರೆ ಎರಡು ಅಳತೆ ಬರುತ್ತೆ. ಹಗ್ಗ ಸಡಿಲ ಆದಾಗ ತಿರುಚಿ ಬಿಗಿ ಮಾಡೋಕೆ ಒಂದು ಮರದ ಕೀಲಿ ಇರ್ತಿತ್ತು, ಅದೂ ಜೊತೆಗೆ ಬರುತ್ತಾ ಅಂತ ದುಡ್ಡು ಕೊಡೋ ಮುಂಚೆ ಕೇಳಿ.