ಮುಂದಿನ ಎರಡು ಹಲ್ಲು ಮುರಿದಿವೆ, ಯಾವ ಕ್ಯಾಪ್ ಹಾಕಿಸಿದರೆ ಒಳ್ಳೆಯದು?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂತು. ಬೈಕಿಂದ ಬಿದ್ದು ಮುಂದಿನ ಎರಡು ಹಲ್ಲು ಅರ್ಧರ್ಧ ಹೋಗಿವೆ, ತುಟಿಗೆ ಮೂರು ಹೊಲಿಗೆ, ತಣ್ಣೀರು ಕುಡಿದರೆ ಜುಮ್ ಅನ್ನುತ್ತೆ, ಮುಂದಿನ ತಿಂಗಳು ನಿಶ್ಚಿತಾರ್ಥ, ಜಿರ್ಕೋನಿಯಾ (ಲೋಹ ಇಲ್ಲದ ಬಿಳಿ ಕ್ಯಾಪ್) ಹಾಕಿಸಲಾ ಮೆಟಲ್ ಸೆರಾಮಿಕ್ (ಒಳಗೆ ಲೋಹ, ಮೇಲೆ ಪಿಂಗಾಣಿ) ಹಾಕಿಸಲಾ ಅಂತ ಕೇಳಿದ್ದೀರಿ. ಬೈಕಿನ ಜಾಗದಲ್ಲಿ ಕೈಪಂಪು, ನಿಶ್ಚಿತಾರ್ಥದ ಜಾಗದಲ್ಲಿ ಅಕ್ಕನ ಮದುವೆ. ಅಷ್ಟು ಬದಲಾಯಿಸಿದರೆ ಇದು 2006ರ ನನ್ನ ಕಥೆಯೇ.

ಅರಸೀಕೆರೆ ಕಡೆಯ ಹಳ್ಳಿ ನಮ್ಮದು. ನನಗಾಗ 19, ಬಿ.ಕಾಂ ಎರಡನೇ ವರ್ಷ. ಮದುವೆಗೆ ಇಪ್ಪತ್ತೆರಡು ದಿನ ಉಳಿದಿತ್ತು. ಚಿಕ್ಕಪ್ಪನ ಮಗ ಪಂಪು ಒತ್ತುತ್ತಿದ್ದ, ನಾನು ಕೊಡ ಸರಿ ಮಾಡೋಣ ಅಂತ ಬಗ್ಗಿದೆ, ಅವನು ಹ್ಯಾಂಡಲ್ ಕೆಳಗಿದ್ದಾಗಲೇ ಕೈ ಬಿಟ್ಟ. ಬಾವಿಯೊಳಗಿನ ಕಬ್ಬಿಣದ ಸರಳುಗಳ ಭಾರಕ್ಕೆ ಆ ಹ್ಯಾಂಡಲ್ ಬಿಟ್ಟ ತಕ್ಷಣ ಮೇಲಕ್ಕೆ ಹಾರುತ್ತೆ. ನೇರ ಬಾಯಿಗೆ ಬಡಿಯಿತು. ಕಟ್ಟೆ ಮೇಲೆ ಬಿದ್ದಿದ್ದ ಎರಡು ತುಂಡುಗಳನ್ನು ಅಜ್ಜಿ ಹೆಕ್ಕಿದರು. ಹಾಲುಹಲ್ಲು ಬಿದ್ದಾಗ ಮಾಡುವ ಹಾಗೆ ಸಗಣಿ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆದರು. ಪಾಪ, ಅವರಿಗೇನು ಗೊತ್ತು. ಆ ತುಂಡಿನಿಂದ ಉಪಯೋಗ ಇದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಾರನೇ ದಿನ ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಐದು ನಿಮಿಷ ನೋಡಿ, ಎರಡಕ್ಕೂ ಆರ್‌ಸಿಟಿ (ರೂಟ್ ಕೆನಾಲ್, ಅಂದರೆ ಹಲ್ಲಿನೊಳಗಿನ ನರ ತೆಗೆದು ತುಂಬುವುದು) ಮಾಡಿ ಕ್ಯಾಪ್ ಹಾಕೋಣ, ಮದುವೆಗೆ ಸರಿಯಾಗಿ ರೆಡಿ ಆಗುತ್ತೆ ಅಂದರು. ಅಮ್ಮನ ಮುಖದಲ್ಲಿ ಜೀವ ಬಂತು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಫೋಟೋದಲ್ಲಿ ಗೊತ್ತಾಗುತ್ತಾ?" ಗೊತ್ತಾಗಲ್ಲ ಅಂದರು. ನಾನು ಹೂಂ ಅಂದೆ.

ಅದೇ ನಾನು ಮಾಡಿದ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವು ಈಗ ನಿಂತಿರುವುದು ಅದೇ ಜಾಗದಲ್ಲಿ.

ನನ್ನ ಹಲ್ಲು ಮುರಿದಿದ್ದು ನರದವರೆಗೆ ಹೋಗಿರಲಿಲ್ಲ. ಮುರಿದ ಕಡೆ ಹಳದಿ ಕಾಣುತ್ತಿತ್ತು, ನಡುವೆ ಕೆಂಪು ಚುಕ್ಕೆ ಇರಲಿಲ್ಲ, ರಕ್ತ ಜಿನುಗುತ್ತಿರಲಿಲ್ಲ. ತಣ್ಣೀರಿಗೆ ಜುಮ್ ಅನ್ನುತ್ತಿತ್ತು ಅಂದರೆ ಒಳಗೆ ನರ ಜೀವಂತ ಇತ್ತು ಅಂತ. ಆ ಜೀವಂತ ನರವನ್ನು ಕ್ಯಾಪ್ ಕೂರಿಸುವ ಅನುಕೂಲಕ್ಕೆ ತೆಗೆದರು. ಆಮೇಲೆ ಕ್ಯಾಪ್. ಕ್ಯಾಪ್ ಅಂದರೆ ಮುರಿದ ಹಲ್ಲಿನ ಮೇಲೆ ಟೋಪಿ ಹಾಕಿದ ಹಾಗೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಟೋಪಿಗೆ ಜಾಗ ಬೇಕಲ್ವಾ? ಉಳಿದ ಗಟ್ಟಿ ಹಲ್ಲನ್ನು ಸುತ್ತಲೂ ಒಂದೂವರೆ ಮಿಲಿಮೀಟರ್‌ನಷ್ಟು ಕೊರೆಯುತ್ತಾರೆ. ಮುಂದಿನ ಹಲ್ಲು ಇರುವುದೇ ಏಳೆಂಟು ಮಿಲಿಮೀಟರ್ ದಪ್ಪ, ಅದೂ ಬುಡದಲ್ಲಿ. ತುದಿಯ ಕಡೆ ಇನ್ನೂ ತೆಳು. ಕೊರೆದು ಮುಗಿಸಿ ಅಳತೆ ತೆಗೆದುಕೊಂಡ ದಿನ ಬಾಯಿ ಮುಕ್ಕಳಿಸುವ ಬೇಸಿನ್ ಮೇಲಿದ್ದ ಸಣ್ಣ ಕನ್ನಡಿಯಲ್ಲಿ ನೋಡಿಕೊಂಡೆ. ಅರ್ಧ ಮುರಿದಿದ್ದ ಎರಡು ಅಗಲ ಹಲ್ಲುಗಳ ಬದಲು ಎರಡು ಮೊಳೆ. ನಾಲಿಗೆ ಹಾಕಿದರೆ ನಡುವಿನ ಸಂದಿಗೆ ತೂರಿ ಹೋಗುತ್ತಿತ್ತು. ಕೈಪಂಪು ಮುರಿದಿದ್ದಕ್ಕಿಂತ ಜಾಸ್ತಿ ಹಲ್ಲು ಆ ಕುರ್ಚಿಯಲ್ಲಿ ಹೋಯಿತು. ಕೊರೆದ ಹಲ್ಲು ಮತ್ತೆ ಬೆಳೆಯಲ್ಲ. ಹಿಂದಕ್ಕೆ ಬರುವ ದಾರಿ ಇಲ್ಲದ ಕೆಲಸ ಅದು, ಅದನ್ನು 19ನೇ ವಯಸ್ಸಿನಲ್ಲಿ ಒಂದು ಮದುವೆ ಫೋಟೋಗೋಸ್ಕರ ಒಪ್ಪಿಕೊಂಡೆ. "ನನ್ನ ಚೆನ್ನಾಗಿರುವ ಹಲ್ಲು ಎಷ್ಟು ಕೊರೆಯುತ್ತೀರಿ, ಕೊರೆಯದೆ ಆಗಲ್ವಾ?" ಅಂತ ಕೇಳಿದ್ದರೆ ಸಾಕಿತ್ತು.

ಫೋಟೋ ಚೆನ್ನಾಗೇ ಬಂದಿವೆ. ನಾಲ್ಕು ವರ್ಷಕ್ಕೆ ವಸಡು ಸ್ವಲ್ಪ ಮೇಲೆ ಸರಿಯಿತು, ಕ್ಯಾಪಿನೊಳಗಿನ ಲೋಹದ ಅಂಚು ಕಪ್ಪು ಗೆರೆಯಾಗಿ ಕಾಣತೊಡಗಿತು. ನಗುವಾಗ ಕೈ ಅಡ್ಡ ಹಿಡಿಯುವುದು ಅಭ್ಯಾಸ ಆಯಿತು. 2014ರಲ್ಲಿ ಅಕ್ಕಿರೊಟ್ಟಿ ಕಚ್ಚಿದಾಗ ಬಲಗಡೆಯದು ಕಳಚಿ ಕೈಗೆ ಬಂತು. ಬರೀ ಕ್ಯಾಪ್ ಬಂದಿದ್ದರೆ ಮತ್ತೆ ಅಂಟಿಸಬಹುದಿತ್ತು. ಒಳಗೆ ಮೊಳೆಯಂತೆ ಉಳಿದಿದ್ದ ಹಲ್ಲೂ ಮುರಿದುಕೊಂಡು ಬಂದಿತ್ತು, ಬೇರು ಉದ್ದಕ್ಕೆ ಸೀಳಿತ್ತು. ಬೇರು ಕೀಳಿಸಿದೆ, ಮೂಳೆ ಕೂಡುವವರೆಗೆ ತೆಗೆದು ಹಾಕುವ ಹಲ್ಲು ಇಟ್ಟುಕೊಂಡೆ, ಕೊನೆಗೆ ಇಂಪ್ಲಾಂಟ್, ಅಂದರೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಾಕುವ ಹಲ್ಲು. ಅಕ್ಕಿರೊಟ್ಟಿಯನ್ನು ನಾನೀಗ ಮುಂದಿನ ಹಲ್ಲಿನಲ್ಲಿ ಕಚ್ಚುವುದಿಲ್ಲ, ಮುರಿದು ಪಕ್ಕಕ್ಕೆ ಇಟ್ಟುಕೊಳ್ಳುತ್ತೇನೆ.

ಹಾಗಾದರೆ ಬೇರೆ ಏನಿತ್ತು ಅಂತ ನನಗೆ ಗೊತ್ತಾಗಿದ್ದು 2019ರಲ್ಲಿ, ಅಕ್ಕನ ಮಗ ಕ್ರಿಕೆಟ್ ಆಡುವಾಗ ಚೆಂಡು ಬಡಿದು ಮುಂದಿನ ಹಲ್ಲು ಮುರಿದುಕೊಂಡಾಗ. ಈ ಸಲ ನಾನೇ ಮೈದಾನಕ್ಕೆ ಓಡಿ ತುಂಡು ಹುಡುಕಿ ಸ್ಟೀಲ್ ಲೋಟದ ಹಾಲಿಗೆ ಹಾಕಿಕೊಂಡು ಹೋದೆ. ಡಾಕ್ಟರು ಮೊದಲು ಎಕ್ಸ್‌ರೇ ತೆಗೆದು ಬೇರು ನೋಡಿದರು, ತಣ್ಣಗಿನ ಹತ್ತಿ ಮುಟ್ಟಿಸಿ ನರ ನೋಡಿದರು. ಹಲ್ಲು ಒಣಗುವ ಮೊದಲೇ ಬಣ್ಣ ಹೊಂದಿಸಿಕೊಂಡರು, ಒಣಗಿದ ಹಲ್ಲು ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತಂತೆ. ಮುರಿದ ಜಾಗಕ್ಕೆ ನೀಲಿ ಜೆಲ್ ಹಚ್ಚಿ ತೊಳೆದಾಗ ಹಲ್ಲಿನ ಅಂಚು ಸೀಮೆಸುಣ್ಣದ ಹಾಗೆ ಮಂಕಾಯಿತು. ಆಮೇಲೆ ಅಂಟು, ತುಂಡು ತಂದು ಕೂಡಿಸಿದರು, ನೀಲಿ ಲೈಟ್ ಹಿಡಿದರು. ಕೂಡಿದ ಗೆರೆಯ ಮೇಲೆ ಕಾಂಪೋಸಿಟ್ ಅನ್ನುವ ಹಲ್ಲಿನ ಬಣ್ಣದ, ಲೈಟ್ ಹಿಡಿದರೆ ಗಟ್ಟಿಯಾಗುವ ಮೆತ್ತನೆ ವಸ್ತುವನ್ನು ತೆಳ್ಳಗೆ ಎಳೆದು ಪಾಲಿಶ್ ಮಾಡಿದರು. ಒಂದೇ ಸಲಕ್ಕೆ ಮುಗಿಯಿತು, ಇಂಜೆಕ್ಷನ್ ಕೂಡ ಕೊಡಲಿಲ್ಲ. ಹುಡುಗ ಕನ್ನಡಿ ನೋಡಿ "ಯಾವ ಹಲ್ಲು ಆಂಟಿ ಮುರಿದಿದ್ದು?" ಅಂತ ನನ್ನನ್ನೇ ಕೇಳಿದ. ನಾನು ಹೊರಗೆ ಬಂದು ಅತ್ತುಬಿಟ್ಟೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಜಿರ್ಕೋನಿಯಾನೂ ಬೇಡ, ಮೆಟಲ್ ಸೆರಾಮಿಕ್ಕೂ ಬೇಡ. ಜಿರ್ಕೋನಿಯಾದಲ್ಲಿ ಕಪ್ಪು ಗೆರೆ ಬರಲ್ಲ, ನಿಜ. ಆದರೆ ಅದಕ್ಕೂ ಹಲ್ಲು ಸುತ್ತ ಕೊರೆಯಲೇಬೇಕು. ನಿಮಗೆ ಕ್ಯಾಪೇ ಬೇಕು ಅಂತ ತೀರ್ಮಾನ ಮಾಡಿದ್ದು ಯಾರು? ಅರ್ಧ ಹಲ್ಲು ಉಳಿದಿದೆ, ತಣ್ಣೀರು ಗೊತ್ತಾಗುತ್ತಿದೆ ಅಂದರೆ ಮೊದಲು ಕೇಳಬೇಕಾದದ್ದು ಕಾಂಪೋಸಿಟ್. ತುಂಡು ಇಲ್ಲದಿದ್ದರೂ ಪದರ ಪದರವಾಗಿ ಹಲ್ಲಿನ ಆಕಾರ ಕಟ್ಟುತ್ತಾರೆ. ಕಾಫಿ ಟೀಗೆ ಬಣ್ಣ ತಿರುಗುತ್ತೆ, ಕೆಲವು ವರ್ಷಕ್ಕೆ ಅಂಚು ಚಕ್ಕೆ ಏಳಬಹುದು, ಪಾಲಿಶ್ ಮಾಡಿಸಬೇಕು ಅಥವಾ ಮತ್ತೆ ಹಾಕಿಸಬೇಕು. ಮಾಡಿಸಿ. ಪ್ರತಿ ಸಲವೂ ನಿಮ್ಮ ಹಲ್ಲು ಅಲ್ಲೇ ಇರುತ್ತೆ. ವಸಡಿನ ಹತ್ತಿರದವರೆಗೆ ಮುರಿದು ಹಿಡಿತಕ್ಕೆ ಏನೂ ಉಳಿದಿಲ್ಲದವರಿಗೆ ಕ್ಯಾಪ್ ಬೇಕೇ ಆಗುತ್ತೆ, ಅದು ಬೇರೆ ಮಾತು.

ನಿಶ್ಚಿತಾರ್ಥದ ತಾರೀಖು ಮಾತ್ರ ಡಾಕ್ಟರಿಗೆ ಹೇಳಲೇಬೇಡಿ, ಹೇಳಿದರೆ ನನಗಾದ ಹಾಗೆ ಅವಸರಕ್ಕೆ ಕ್ಯಾಪಿನ ಮಾತು ಬರಬಹುದು. ಕಾಂಪೋಸಿಟ್‌ಗೆ ಒಂದು ಮಧ್ಯಾಹ್ನ ಸಾಕು, ಅವಸರದ ಮಾತೇ ಬರಲ್ಲ.

ಆರ್‌ಸಿಟಿ ಬಗ್ಗೆಯೂ ಒಂದು ಮಾತು. ಏಟು ಬಿದ್ದ ಹಲ್ಲು ಎರಡು ಮೂರು ತಿಂಗಳವರೆಗೆ ಪರೀಕ್ಷೆಗೆ ಸ್ಪಂದಿಸದೆಯೂ ಇರಬಹುದು, ಅಷ್ಟಕ್ಕೇ ನರ ಸತ್ತಿದೆ ಅಂತ ಅಲ್ಲ. ಏಟು ಬಿದ್ದು ಆರರಿಂದ ಎಂಟು ವಾರ ಆದಾಗ ಒಮ್ಮೆ, ಒಂದು ವರ್ಷ ತುಂಬಿದಾಗ ಇನ್ನೊಮ್ಮೆ ಎಕ್ಸ್‌ರೇ ತೆಗೆಸಿ ನೋಡಿಸಿ. ಹಲ್ಲು ಬೂದು ಬಣ್ಣಕ್ಕೆ ತಿರುಗಿದರೆ, ವಸಡಿನ ಮೇಲೆ ಕೀವಿನ ಗುಳ್ಳೆ ಬಂದರೆ, ತಾನಾಗಿಯೇ ನೋವು ಬಂದರೆ ತಡಮಾಡದೆ ಹೋಗಿ. ಆಗ ಆರ್‌ಸಿಟಿ ಬೇಕಾದರೂ ಕ್ಯಾಪ್ ಹಾಕಲೇಬೇಕು ಅಂತೇನಿಲ್ಲ. ಮುಂದಿನ ಹಲ್ಲಾದರೆ ಆರ್‌ಸಿಟಿಗೆ ಹಿಂದುಗಡೆ ಕೊರೆದ ರಂಧ್ರ ಮುಚ್ಚಿ, ಬಣ್ಣ ಕೆಟ್ಟಿದ್ದರೆ ಒಳಗಿನಿಂದ ಬ್ಲೀಚ್ ಮಾಡಿ ಉಳಿಸುವುದಿದೆ.

ಒಂದೇ ಕ್ಲಿನಿಕ್ಕಿನ ಮಾತಿಗೆ ಹೂಂ ಅನ್ನಬೇಡಿ. ಹತ್ತಿರದ ಡೆಂಟಲ್ ಕಾಲೇಜಿಗೆ ಹೋಗಿ, ಹಲ್ಲು ಉಳಿಸುವ ವಿಭಾಗ, ಅಂದರೆ ಕನ್ಸರ್ವೇಟಿವ್ ಡೆಂಟಿಸ್ಟ್ರಿ ಎಲ್ಲಿದೆ ಅಂತ ಕೇಳಿ. ಬೆಂಗಳೂರಿನ ಸರ್ಕಾರಿ ಕಾಲೇಜಿದೆ, ಮೈಸೂರು, ಹಾಸನ, ದಾವಣಗೆರೆ, ಧಾರವಾಡದಲ್ಲೆಲ್ಲ ಕಾಲೇಜುಗಳಿವೆ. ಕಾಯಬೇಕಾಗುತ್ತೆ, ಆದರೆ ಖರ್ಚು ಕಡಿಮೆ.

ಮುರಿದ ತುಂಡುಗಳು ಎಲ್ಲಿ ಅಂತ ನೀವು ಬರೆದೇ ಇಲ್ಲ. ಕರ್ಚೀಫಿನಲ್ಲೋ ಪೇಪರಿನಲ್ಲೋ ಕಟ್ಟಿಟ್ಟಿದ್ದರೆ ಈಗಲೇ ನೀರಿಗೆ ಹಾಕಿ, ಒಣಗಿದ್ದರೂ ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಹೆಲ್ಮೆಟ್ಟಿನ ಒಳಗೊಮ್ಮೆ ನೋಡಿ. ಎಲ್ಲೂ ಸಿಗದಿದ್ದರೆ, ತುಟಿಗೆ ಹೊಲಿಗೆ ಹಾಕುವ ಮೊದಲು ತುಟಿಯ ಎಕ್ಸ್‌ರೇ ತೆಗೆದಿದ್ದರಾ? ಇಲ್ಲ ಅಂದರೆ ನಾಳೆಯೇ ಹೋಗಿ ತೆಗೆಸಿ. ಹಲ್ಲಿನ ಚೂರು ತುಟಿಯೊಳಗೆ ಸೇರಿಕೊಂಡು, ಮೇಲೆ ಹೊಲಿಗೆ ಬೀಳುವುದುಂಟು. ತುಟಿಯ ಬಾವು ಇನ್ನೂ ಇಳಿದಿಲ್ಲ, ಒಳಗೆ ಏನೋ ಗಟ್ಟಿ ಸಿಗುತ್ತೆ ಅಂತ ಬೇರೆ ಬರೆದಿದ್ದೀರಿ.